ಎಣ್ಣೆ ಹಚ್ಚಿಕೊಂಡು ಬಂದ ತಲೆಗಳು

ನಾನು ಯಾರ ಮನಸ್ಸನ್ನೂ ಓದುವವಳಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಮಣಿಪಾಲದ ಒಂದು ಆಸ್ಪತ್ರೆಯಲ್ಲಿ ಇಇಜಿ ಟೆಕ್ನೀಷಿಯನ್ ಆಗಿದ್ದು ನಿವೃತ್ತಿಯಾದ ಮೇಲೂ ಮದುವೆ ಮನೆಗಳಲ್ಲಿ ನನ್ನ ಪಕ್ಕದಲ್ಲಿ ಕುಳಿತವರು, "ನಮ್ಮ ತಲೆಯಲ್ಲಿ ಎಂತ ಓಡ್ತಾ ಉಂಟು ಅಂತ ನಿಮಗೆ ಗೊತ್ತಾಗ್ತದೆ ಅಲ್ವಾ?" ಎಂದು ಕೇಳುವುದು ನಿಂತಿಲ್ಲ. ಊಟದ ಪಂಕ್ತಿಯಲ್ಲಿ ಕುಳಿತವರ ತಲೆಯಲ್ಲಿ ಓಡುವುದು ಪಾಯಸ ಯಾವಾಗ ಬರುತ್ತದೆ ಎಂಬುದೊಂದೇ. ಅದನ್ನು ತಿಳಿಯಲು ಯಂತ್ರ ಬೇಕಾಗಿಲ್ಲ.

ಈಗ ಈ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರು ಒಳ್ಳೆಯ ಕೋರ್ಸು ಮಾಡಿಕೊಂಡು ಬರುತ್ತಾರೆ. ನಾನು ಹಾಗೆ ಬಂದವಳಲ್ಲ. ನಮ್ಮ ಜಿಲ್ಲೆಯಲ್ಲಿ ಓದಿದವರು ಬ್ಯಾಂಕಿಗೆ ಹೋಗುತ್ತಿದ್ದರು, ಓದದವರು ಹೋಟೆಲಿಗೆ, ಎರಡೂ ಬೇಡ ಅಂದವರು ಗಲ್ಫಿಗೆ. ನಾನು ಬಿ.ಎಸ್ಸಿ. ಮುಗಿಸಿ ಬ್ಯಾಂಕಿನ ಪರೀಕ್ಷೆಗಳಲ್ಲಿ ಸಾಲಾಗಿ ನಪಾಸಾಗಿ, ಕಾಪುವಿನ ಮನೆಯಲ್ಲಿ ಅಮ್ಮನ ಕಣ್ಣಿಗೆ ಕಸವಾಗಿ ಕುಳಿತಿದ್ದಾಗ ಆಸ್ಪತ್ರೆಯಲ್ಲಿ ಕೆಲಸ ಕಲಿಸಿಕೊಡುತ್ತಾರಂತೆ ಎಂದು ಯಾರೋ ಹೇಳಿದರು. ಹೋದೆ. "ರಕ್ತ ಕಂಡರೆ ತಲೆ ತಿರುಗುತ್ತದಾ?" ಎಂದು ಕೇಳಿದರು. ಹೌದು ಎಂದೆ. "ಹಾಗಾದರೆ ಇಇಜಿ ರೂಮಿಗೆ ಹೋಗಿ, ಅಲ್ಲಿ ರಕ್ತ ಇಲ್ಲ" ಎಂದರು. ನನ್ನ ವೃತ್ತಿಯ ಆಯ್ಕೆ ಮುಗಿದದ್ದು ಹೀಗೆ.

ಕೆಲಸ ಇಷ್ಟೇ. ರೋಗಿಯ ತಲೆಯನ್ನು ಟೇಪು ಹಿಡಿದು ಅಳೆಯಬೇಕು, ಬಣ್ಣದ ಪೆನ್ಸಿಲಿನಿಂದ ಗುರುತು ಹಾಕಬೇಕು, ಕೂದಲು ಸರಿಸಿ ಚರ್ಮ ಉಜ್ಜಬೇಕು, ಅಂಟಿನಂಥ ಪೇಸ್ಟು ಹಚ್ಚಿ ಸಣ್ಣ ಲೋಹದ ಬಿಲ್ಲೆಗಳನ್ನು ಕೂರಿಸಬೇಕು. ಬಿಲ್ಲೆಯಿಂದ ತಂತಿ, ತಂತಿಯಿಂದ ಯಂತ್ರ. ಮೆದುಳಿನ ಕೋಶಗಳು ತಮ್ಮತಮ್ಮೊಳಗೆ ವ್ಯವಹಾರ ನಡೆಸುವಾಗ ಹುಟ್ಟುವ ವಿದ್ಯುತ್ತು ಟಾರ್ಚಿನ ಸೆಲ್ಲಿನ ಸಾವಿರಾರು ಪಾಲಿನಲ್ಲಿ ಒಂದು ಪಾಲೂ ಇರುವುದಿಲ್ಲ. ಯಂತ್ರ ಅದನ್ನು ಹಿಗ್ಗಿಸಿ ಗೆರೆಯಾಗಿ ತೋರಿಸುತ್ತದೆ. ಆ ಗೆರೆಗಳಲ್ಲಿ ಮೆದುಳು ಎಚ್ಚರವಾಗಿದೆಯೇ, ತೂಕಡಿಸುತ್ತಿದೆಯೇ, ಎಲ್ಲೋ ಒಂದು ಕಡೆ ಅನಗತ್ಯವಾಗಿ ಸಿಡಿಮಿಡಿಗೊಳ್ಳುತ್ತಿದೆಯೇ ಎಂಬುದು ಕಾಣುತ್ತದೆ. ಅತ್ತೆಯ ಮೇಲಿನ ಸಿಟ್ಟು ಕಾಣುವುದಿಲ್ಲ. ಅದನ್ನು ನೋಡುವ ಆಸೆಯಿಂದ ಬಂದ ಅತ್ತೆಯಂದಿರಿಗೆ ನಿರಾಸೆಯಾಗಿದೆ.

ಮೆದುಳನ್ನು ಮೊದಲ ಸಲ ಗಾಜಿನ ಭರಣಿಯಲ್ಲಿ ನೋಡಿದಾಗ ನನಗೂ ನಿರಾಸೆಯೇ ಆಗಿತ್ತು. ಇಷ್ಟೇಯಾ ಅನ್ನಿಸಿತು. ತೂಕ ಒಂದೂವರೆ ಕಿಲೋ ಕೂಡ ಇಲ್ಲ. ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಅಂಜಲ್ ಮೀನು ಕೊಯ್ದದ್ದುಂಟು. ಆದರೆ ಅದರೊಳಗಿನ ಏರ್ಪಾಡು ಕಲಿಯುತ್ತ ಹೋದಂತೆ ಆ ನಿರಾಸೆ ಹೋಯಿತು. ಕಣ್ಣು ಮುಖದಲ್ಲಿದ್ದರೂ ನೋಡುವ ಕೆಲಸ ನಡೆಯುವುದು ತಲೆಯ ಹಿಂಭಾಗದಲ್ಲಿ. ಬಲಗೈಯನ್ನು ಆಡಿಸುವುದು ಎಡ ಮೆದುಳು, ಎಡಗೈಯನ್ನು ಬಲ ಮೆದುಳು. ಯಾಕೆ ಹೀಗೆ ಅಡ್ಡಡ್ಡ ಎಂದು ಒಬ್ಬರಲ್ಲ, ಮೂವರು ಡಾಕ್ಟರನ್ನು ಕೇಳಿದೆ. ಮೂವರೂ ಗಡಿಯಾರ ನೋಡಿಕೊಂಡರು. ಹಿಂದೆ ಕೆಳಗೆ ಕುಳಿತಿರುವ ಚಿಕ್ಕ ಮೆದುಳು ಸಮತೋಲ ನೋಡಿಕೊಳ್ಳುತ್ತದೆ. ಶನಿವಾರ ಸಂಜೆ ಬಾರಿನಿಂದ ಹೊರಬರುವವರ ನಡಿಗೆ ನೋಡಿದರೆ ಅದರ ಕೆಲಸ ಎಂತದು ಎಂದು ತಿಳಿಯುತ್ತದೆ. ಅದರ ಮುಂದೆ ಇರುವ ಮೆದುಳಿನ ಕಾಂಡ ಉಸಿರನ್ನೂ ಎದೆಬಡಿತವನ್ನೂ ನಡೆಸುತ್ತದೆ. ಅದು ರಜೆ ಹಾಕಿದರೆ ಉಳಿದವರ ಪಾಂಡಿತ್ಯವೆಲ್ಲ ಅಲ್ಲಿಗೆ ಮುಗಿಯಿತು.

ಎಲ್ಲವನ್ನೂ ಮೆದುಳೇ ಮಾಡುತ್ತದೆ ಎಂದುಕೊಳ್ಳುವುದೂ ಸರಿಯಲ್ಲ. ಬಿಸಿ ಕಾವಲಿಗೆ ಕೈ ತಾಗಿದರೆ ಕೈಯನ್ನು ಎಳೆದುಕೊಳ್ಳುವ ಅಪ್ಪಣೆ ಬರುವುದು ಬೆನ್ನುಹುರಿಯಿಂದ. ಮೆದುಳಿಗೆ ಸುದ್ದಿ ಮುಟ್ಟುವಾಗ ಕೈ ಹಿಂದೆ ಬಂದಾಗಿರುತ್ತದೆ. "ಅಯ್ಯೋ" ಎನ್ನುವುದು, ಕಾವಲಿ ಅಲ್ಲಿಟ್ಟವರನ್ನು ಬೈಯುವುದು, ಇವೆರಡು ಮಾತ್ರ ಮೆದುಳಿನ ಕೆಲಸ. ದೊಡ್ಡ ಆಫೀಸುಗಳಲ್ಲಿ ಕೆಲಸ ಮಾಡಿದವರಿಗೆ ಈ ಪದ್ಧತಿ ಹೊಸದಲ್ಲ.

ಇನ್ನು ಎಣ್ಣೆಯ ವಿಷಯ. ಪಾಠದಲ್ಲಿ ಇದು ಒಂದೇ ಸಾಲು: ರೋಗಿ ತಲೆ ತೊಳೆದು, ಎಣ್ಣೆ ಹಾಕದೆ ಬರಬೇಕು. ಎಣ್ಣೆ ಇದ್ದರೆ ಬಿಲ್ಲೆ ಕೂರುವುದಿಲ್ಲ, ವಿದ್ಯುತ್ತು ದಾಟುವುದಿಲ್ಲ. ನನ್ನ ಸರ್ವಿಸಿನ ಅರ್ಧ ಆಯುಷ್ಯ ಆ ಒಂದು ಸಾಲಿಗೆ ಹೋಯಿತು. ನಮ್ಮ ಊರಿನವರಿಗೆ ತಲೆಯ ಪರೀಕ್ಷೆ ಅಂದರೆ ತಲೆ ತಂಪಾಗಿರಬೇಕು, ತಂಪು ಅಂದರೆ ತೆಂಗಿನೆಣ್ಣೆ. ಹಿಂದಿನ ದಿನ ಶ್ರದ್ಧೆಯಿಂದ ತಲೆ ತೊಳೆಯುತ್ತಿದ್ದರು. ಬೆಳಿಗ್ಗೆ ಅದಕ್ಕಿಂತ ಶ್ರದ್ಧೆಯಿಂದ ಎಣ್ಣೆ ತಟ್ಟುತ್ತಿದ್ದರು. ಹೆಂಗಸರಾದರೆ ಮೇಲೊಂದು ಮಲ್ಲಿಗೆಯ ಚೆಂಡು. ಕಾರ್ಕಳದಿಂದ ಬಂದ ಒಬ್ಬ ಅಜ್ಜಿಯ ಜಡೆಯಿಂದ ಎಣ್ಣೆ ದಿಂಬಿಗೆ ಇಳಿಯುತ್ತಿತ್ತು.

"ಎಣ್ಣೆ ಹಾಕಬಾರದು ಅಂತ ಹೇಳಿದ್ದೆವಲ್ಲ ಅಜ್ಜಿ?" ಎಂದೆ.

"ಎಣ್ಣೆ ಯಾರು ಹಾಕಿದ್ದು? ಇದು ಬ್ರಾಹ್ಮಿ ತೈಲ. ಮದ್ದು," ಎಂದರು ಅಜ್ಜಿ. "ನಿಮಗೆ ಸುಲಭ ಆಗಲಿ ಅಂತ ಸ್ವಲ್ಪ ಹೆಚ್ಚೇ ಹಾಕಿದ್ದೇನೆ."

ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಆ ಮದ್ದನ್ನು ಒರೆಸಿ ತೆಗೆಯುವ ಹೊತ್ತಿಗೆ ನನ್ನದೇ ತಲೆಗೆ ತೈಲ ಬೇಕಾಗಿತ್ತು. ಆಮೇಲೆ ನಾನು ಮಾತು ಬದಲಾಯಿಸಿದೆ. "ಸತ್ತವರ ಮನೆಗೆ ಹೋಗುವ ಹಾಗೆ ಬನ್ನಿ" ಎಂದು ಹೇಳತೊಡಗಿದೆ. ಎಣ್ಣೆ, ಹೂವು ಎರಡೂ ಒಮ್ಮೆಲೇ ನಿಂತವು. ಆಸ್ಪತ್ರೆಯ ಆಡಳಿತದವರಿಗೆ ದೂರು ಹೋಗಿ ನನ್ನನ್ನು ಕರೆಸಿ ಬುದ್ಧಿ ಹೇಳಿದರು. ಬುದ್ಧಿ ಹೇಳಿದವರ ತಲೆಯೂ ಎಣ್ಣೆಯಿಂದ ಮಿಂಚುತ್ತಿತ್ತು.

ಇನ್ನೊಂದು ಕಷ್ಟ ನಿದ್ರೆಯದು. ಕೆಲವು ರೋಗಿಗಳು ರಾತ್ರಿ ನಿದ್ದೆಗೆಟ್ಟು ಬರಬೇಕು, ನಮ್ಮ ಮಂಚದಲ್ಲಿ ಮಲಗಿ ನಿದ್ರೆ ಹೋಗಬೇಕು. ನಿದ್ರೆಗೆ ಇಳಿಯುವಾಗ ಅಡಗಿರುವ ದೋಷ ಹೊರಗೆ ಬರುವುದುಂಟು. ಪಡುಬಿದ್ರಿಯ ಒಂದು ಕುಟುಂಬ ಇದನ್ನು ಹರಕೆಯ ಹಾಗೆ ತೆಗೆದುಕೊಂಡು ರೋಗಿಗೆ ಜತೆಯಾಗಿ ಎಲ್ಲರೂ ಎಚ್ಚರವಿದ್ದರು. ಬೆಳಿಗ್ಗೆ ಹೊರಗಿನ ಬೆಂಚಿನಲ್ಲಿ ಮನೆಮಂದಿಯೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಗೊರಕೆ. ಒಳಗೆ ರೋಗಿ ಮಾತ್ರ ಕಣ್ಣು ಅರಳಿಸಿಕೊಂಡು, "ಅಕ್ಕ, ಅವರ ಗೊರಕೆಗೆ ನನಗೆ ನಿದ್ರೆ ಬರುದಿಲ್ಲ" ಎಂದು ಅಳುವ ಮುಖ ಮಾಡಿದ.

ನಾನು ಸೇರಿದಾಗ ಗೆರೆ ಎಳೆಯುವುದು ಶಾಯಿಯ ಪೆನ್ನುಗಳು. ಕಾಗದ ಸರಿಯುತ್ತಾ ಹೋಗಿ ಕೊನೆಗೆ ಒಂದು ಕಟ್ಟು ಆಗುತ್ತಿತ್ತು. ಪೆನ್ನು ಕಟ್ಟಿಕೊಂಡರೆ ಊದಬೇಕು. ಊದಿದರೆ ಸೀರೆಯ ಮೇಲೆ ಶಾಯಿ. ನನ್ನ ಆ ಕಾಲದ ಸೀರೆಗಳನ್ನು ಯಾರೂ ಬೇಡಲಿಲ್ಲ. ಆಮೇಲೆ ಕಂಪ್ಯೂಟರು ಬಂತು, ಕಾಗದ ಹೋಯಿತು. ಹೊಸ ಡಾಕ್ಟರುಗಳು ಕ್ಯಾಂಟೀನಿನಲ್ಲಿ ಗೋಳಿಬಜೆ ತಿನ್ನುತ್ತ ಮೊಬೈಲಿನಲ್ಲೇ ಗೆರೆ ನೋಡಿ ಮುಗಿಸುತ್ತಾರೆ. ನಾನು ಅದನ್ನು ಹೀಗಳೆಯುವುದಿಲ್ಲ. ಶಾಯಿ ಊದುವುದರಲ್ಲಿ ಯಾವ ಪುಣ್ಯವೂ ಇರಲಿಲ್ಲ.

ಪಕ್ಕದ ಕೋಣೆಯಲ್ಲಿ ನರಗಳ ಪರೀಕ್ಷೆಯೂ ನಮ್ಮದೇ. ಕೈಯ ಒಂದು ಕಡೆ ಸಣ್ಣ ವಿದ್ಯುತ್ತಿನ ಚುಚ್ಚು ಕೊಟ್ಟು, ಅದು ನರದೊಳಗೆ ಎಷ್ಟು ಬೇಗ ಓಡುತ್ತದೆ ಎಂದು ನೋಡುವುದು. ಸರಿಯಿರುವ ನರದಲ್ಲಿ ಅದು ನಮ್ಮ ಎಕ್ಸ್‌ಪ್ರೆಸ್ ಬಸ್ಸಿಗಿಂತಲೂ ವೇಗವಾಗಿ ಓಡುತ್ತದೆ, ಅದೂ ಹಾರ್ನ್ ಹೊಡೆಯದೆ. ಬೀಡಿ ಕಟ್ಟಿ ಕಟ್ಟಿ ಮಣಿಕಟ್ಟಿನ ನರ ಒತ್ತಿಹೋದ ಹೆಂಗಸರು ಎಷ್ಟೋ ಮಂದಿ ಬರುತ್ತಿದ್ದರು. ಅವರಲ್ಲಿ ಹೆಚ್ಚಿನವರು ಜುಂ ಎನ್ನುವ ಬೆರಳುಗಳನ್ನು ಕೊಡವುತ್ತಲೇ ಒಳಬರುತ್ತಿದ್ದರು. ಊರಿನಲ್ಲಿ ಆ ಕೋಣೆಗೆ "ಕರೆಂಟು ಕೊಡುವ ರೂಮು" ಎಂದೇ ಹೆಸರು. ಗಲ್ಫಿನಿಂದ ಬಂದು ಮನೆಯಲ್ಲಿ ಕುಳಿತಿದ್ದ ಒಬ್ಬರು ಪರೀಕ್ಷೆ ಮುಗಿದ ಮರುದಿನ ಪುನಃ ಹಾಜರಾದರು. "ನಿನ್ನೆಯ ಕರೆಂಟಿಗೆ ಅರ್ಧ ನೋವು ಹೋಯಿತು, ಉಳಿದದ್ದಕ್ಕೆ ಇವತ್ತು ಸ್ವಲ್ಪ ಜಾಸ್ತಿ ಕೊಡಿ" ಎಂದರು. ಅದು ಮದ್ದಲ್ಲ, ಪರೀಕ್ಷೆ ಮಾತ್ರ ಎಂದರೆ ನಾನು ಕರೆಂಟು ಉಳಿಸುತ್ತಿದ್ದೇನೆ ಎಂದು ಸಿಟ್ಟುಮಾಡಿಕೊಂಡು ಹೋದರು.

ನನ್ನ ಮೇಲಿನವರ ಪೈಕಿ ನೆನಪಿನಲ್ಲಿ ಉಳಿದವರು ಮಾಲಿನಿ ಮೇಡಂ. ನರರೋಗದ ಡಾಕ್ಟರು. ಘಟ್ಟದ ಮೇಲಿನವರು, ತುಳು ಬರುತ್ತಿರಲಿಲ್ಲ, ತಾಳ್ಮೆ ಮೊದಲೇ ಇರಲಿಲ್ಲ. ನಾವು ಕಷ್ಟಪಟ್ಟು ತೆಗೆದ ಗೆರೆಗಳನ್ನು ತಂದಿಟ್ಟರೆ ಕೈಯಿಂದ ಪಕ್ಕಕ್ಕೆ ಸರಿಸಿ, "ಬಿದ್ದದ್ದನ್ನು ಯಾರು ನೋಡಿದ್ದು?" ಎಂದು ಕೇಳುತ್ತಿದ್ದರು. ರೋಗಿಯನ್ನಲ್ಲ. ರೋಗಿಗೆ ತಾನು ಬಿದ್ದದ್ದು ಗೊತ್ತಿರುವುದಿಲ್ಲ. ನೋಡಿದವರೇ ಬೇಕು. ಅವರು ಬಾರದಿದ್ದರೆ ಫೋನಿನಲ್ಲಿ ಪೊಲೀಸರ ಹಾಗೆ ವಿಚಾರಿಸುತ್ತಿದ್ದರು. ಈ ಹಠ ಎಷ್ಟು ಬೆಲೆಯುಳ್ಳದ್ದು ಎಂದು ನನಗೆ ತಿಳಿದದ್ದು ಸದಾನಂದನ ಪ್ರಕರಣದಲ್ಲಿ. ಹೊಸಬರು ಮೇಲೆ ಹೇಳಿದ್ದೆಲ್ಲ ಮರೆತರೂ ಇದೊಂದನ್ನು ಮರೆಯಬಾರದು.

ಸದಾನಂದ ಬೆಳ್ಮಣ್ ಮಾರ್ಗವಾಗಿ ಕಾರ್ಕಳಕ್ಕೆ ಹೋಗುವ ಖಾಸಗಿ ಬಸ್ಸಿನ ಡ್ರೈವರು. ಒಂದು ಬೆಳಿಗ್ಗೆ ಬೆಳ್ಮಣ್ ಸ್ಟಾಪಿನಲ್ಲಿ ಬಸ್ಸಿನಿಂದ ಇಳಿದು ನಿಂತವನು ಬಿದ್ದುಬಿಟ್ಟ. ಕೈಕಾಲು ಅದುರಿತು. ಕಂಡಕ್ಟರು ಓಡಿಬಂದು ಬಸ್ಸಿನ ಕೀಯನ್ನು ಅವನ ಮುಷ್ಟಿಗೆ ತುರುಕಿದ. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಟ್ಟರೆ ನಿಲ್ಲುತ್ತದೆ ಎಂದು ನಮ್ಮಲ್ಲಿ ನಂಬುತ್ತಾರೆ. ಹಾಗೇನೂ ಇಲ್ಲ. ಫಿಟ್ಸ್ ಸಾಮಾನ್ಯವಾಗಿ ತಾನಾಗಿ ನಿಲ್ಲುತ್ತದೆ, ಹೆಸರು ಕಬ್ಬಿಣಕ್ಕೆ ಬರುತ್ತದೆ. ಸದಾನಂದ ಎದ್ದು ಕುಳಿತ. ಕೀ ಹಿಡಿದ ಕೂಡಲೇ ಎದ್ದ ಎಂದಮೇಲೆ ಫಿಟ್ಸೇ ಎಂದು ಬಸ್ಸಿಗೆ ಬಸ್ಸೇ ತೀರ್ಪು ಕೊಟ್ಟಿತು. ಬಸ್ಸಿನ ಮಾಲಕರು, "ಡಾಕ್ಟರು ಬರೆದುಕೊಡದೆ ಸ್ಟೇರಿಂಗ್ ಮುಟ್ಟಬೇಡ" ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಫಿಟ್ಸ್ ಇರುವವನು ತುಂಬಿದ ಬಸ್ಸನ್ನು ತಿರುವಿನಲ್ಲಿ ಓಡಿಸುವುದೆಂದರೆ ಎಂತ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಸದಾನಂದನಿಗೆ ಓಡಿಸುವುದು ಬಿಟ್ಟು ಬೇರೆ ಕೆಲಸ ಗೊತ್ತಿರಲಿಲ್ಲ.

ನಾನು ಇಇಜಿ ತೆಗೆದೆ. ತಲೆಯ ಮುಂಭಾಗದಲ್ಲಿ ದೊಡ್ಡ ದೊಡ್ಡ ನಿಧಾನದ ಅಲೆಗಳು. ಎಚ್ಚರವಿರುವ ದೊಡ್ಡವರಲ್ಲಿ ಅವು ಹಾಗೆ ಬರಬಾರದು. ಆಗಷ್ಟೇ ಸೇರಿದ್ದ ಕಿರಿಯ ಡಾಕ್ಟರು ಮುಖ ಸಣ್ಣದು ಮಾಡಿ, "ಒಳಗೆ ದೋಷ ಉಂಟು, ಮಾತ್ರೆ ಶುರುಮಾಡುವುದು ಒಳ್ಳೆಯದು" ಎಂದರು. ಸದಾನಂದನ ಹೆಂಡತಿ ಶೋಭಾ ಬಾಗಿಲಿನಿಂದಲೇ, ಮಾತ್ರೆ ನುಂಗಿದರೆ ಬಸ್ಸು ಓಡಿಸಬಹುದಾ ಎಂದು ಕೇಳಿದಳು.

ಮಾಲಿನಿ ಮೇಡಂ ಗೆರೆ ನೋಡಿ ಹುಬ್ಬು ಗಂಟಿಕ್ಕಿ, "ಇನ್ನೊಮ್ಮೆ ತೆಗೀರಿ, ನಾನೇ ಬರ್ತೀನಿ" ಎಂದರು. ಬಂದು ನನ್ನ ಹಿಂದೆ ನಿಂತರು. ಅಲೆಗಳು ಪುನಃ ಬಂದವು. ಸ್ವಲ್ಪ ಹೊತ್ತು ಬಂದು ನಿಲ್ಲುತ್ತವೆ, ಅಷ್ಟೇ ಹೊತ್ತು ಬಿಟ್ಟು ಮತ್ತೆ ಬರುತ್ತವೆ.

"ಸುಮಿತ್ರಾ, ಇಷ್ಟು ಶಿಸ್ತಾಗಿ ಸರದಿ ಕಾಯುವ ರೋಗವನ್ನು ನಾನು ನೋಡಿಲ್ಲ," ಎಂದು ನನಗೆ ಹೇಳಿ, ಮಂಚದ ಕಡೆ ತಿರುಗಿದರು. "ಏನಪ್ಪಾ, ಬಾಯಲ್ಲಿ ಏನಿದೆ?"

"ಎಂತದೂ ಇಲ್ಲ ಮೇಡಂ," ಎಂದ ಸದಾನಂದ ಕಣ್ಣು ಮುಚ್ಚಿಕೊಂಡೇ.

"ನಾಲಿಗೆ ಏನು ಮಾಡ್ತಾ ಇದೆ?"

"ಹೆದರಿಕೆ ಆಗ್ತದೆ ಮೇಡಂ. ಹಾಗೆ ಬಾಯಿಯ ಒಳಗೇ ಭಜನೆ ಹೇಳಿಕೊಳ್ತಾ ಇದ್ದೆ."

"ನಡುನಡುವೆ ಯಾಕೆ ನಿಲ್ಲಿಸ್ತೀರಿ?"

"ಮಂಡಳಿಯಲ್ಲಿ ನಾನು ಹಿಂದಿನಿಂದ ಹೇಳುವವ. ಮುಂದಿನವರು ಹೇಳಿ ಮುಗಿಸುವವರೆಗೆ ಕಾಯಬೇಕಲ್ಲ."

ನಾಲಗೆಯ ತುದಿಯಲ್ಲೂ ಬುಡದಲ್ಲೂ ವಿದ್ಯುತ್ತು ಒಂದೇ ಸಮ ಇರುವುದಿಲ್ಲ. ನಾಲಗೆ ಆಡಿದರೆ ತಲೆಯ ಮುಂಭಾಗದ ಬಿಲ್ಲೆಗಳಲ್ಲಿ ಅಲೆ ಏಳುತ್ತದೆ, ಮೆದುಳಿನದೇ ಅಲೆಯ ಹಾಗೆ ಕಾಣುತ್ತದೆ. ಮೇಡಂ ಅವನಿಂದ "ಲಲಲ" ಎನ್ನಿಸಿದರು. ಪರದೆಯ ಮೇಲೆ ಅದೇ ದೋಷ ಅಚ್ಚೊತ್ತಿದ ಹಾಗೆ ಬಂತು. ನಾಲಗೆ ಕೆಳಗಿಟ್ಟು ಸುಮ್ಮನಿರಲು ಹೇಳಿದರು. ಗೆರೆ ಸ್ವಚ್ಛವಾಯಿತು. ನಾನು ಅವನಿಗೆ ಅಲುಗಾಡಬೇಡ, ಮಾತಾಡಬೇಡ, ಕಣ್ಣು ತೆರೆಯಬೇಡ ಎಂದೆಲ್ಲ ಹೇಳಿದ್ದೆ. ಭಜನೆ ಬೇಡ ಎಂದು ಹೇಳುವ ಕ್ರಮ ನಮ್ಮಲ್ಲಿ ಇರಲಿಲ್ಲ, ಆಮೇಲೆ ಬಂತು.

"ಹಾಗಾದರೆ ನಾಳೆಯಿಂದ ಬಸ್ಸಿಗೆ ಹೋಗಬಹುದಾ?" ಎಂದು ಶೋಭಾ ಓಡಿ ಬಂದಳು.

"ಇಲ್ಲ," ಎಂದರು ಮೇಡಂ. "ಈ ಅರ್ಧ ಗಂಟೆ ತಲೆ ಸರಿ ಇತ್ತು, ಅಷ್ಟೇ ನನಗೆ ಗೊತ್ತು. ಫಿಟ್ಸ್ ಇರುವವರ ಗೆರೆಯೂ ಎಷ್ಟೋ ಸಲ ಹೀಗೇ ಚೆನ್ನಾಗಿರುತ್ತೆ. ಬೆಳ್ಮಣ್‌ನಲ್ಲಿ ಬಿದ್ದ ಹೊತ್ತಿನದು ಬೇಕು. ಯಾರು ನೋಡಿದ್ದು?"

ಶೋಭಾ ಕಂಡಕ್ಟರನ ಹೆಸರು ಹೇಳಿದಳು. ಅವನು ಬಂದು ಕೀಯ ಮಹಿಮೆಯನ್ನು ಪುನಃ ವರ್ಣಿಸಿದ. ಬೀಳುವಾಗ ನೋಡಿದೆಯಾ ಎಂದರೆ, ಇಲ್ಲ, ಆಗ ಹಿಂದಿನ ಬಾಗಿಲಿನಲ್ಲಿ ಟಿಕೆಟು ಹರಿಯುತ್ತಿದ್ದೆ ಎಂದ. ಶೋಭಾ ತಮ್ಮ ಗುರುತಿನ ಇನ್ನೊಬ್ಬರನ್ನು ಕರೆತರುತ್ತೇನೆ ಎಂದು ಹೊರಟಳು. ಆಗ ಸದಾನಂದ ನೆಲ ನೋಡುತ್ತ, "ಗಿರಿಜಕ್ಕ ನೋಡಿದ್ದಾರೆ. ಅವರನ್ನು ಕರೆಸಿ" ಎಂದ. ಹೆಂಡತಿ ಅವನನ್ನು ನೋಡಿದ ನೋಟ, ಇವನಿಗೆ ನಿಜವಾಗಿಯೂ ತಲೆಯಲ್ಲಿ ದೋಷ ಉಂಟು ಎಂಬಂತಿತ್ತು.

ಕಾರಣ ಉಂಟು. ಗಿರಿಜಕ್ಕ ಕಾಪುವಿನಿಂದ ಮೀನು ತಂದು ಬೆಳ್ಮಣ್ ಕಡೆಯ ಊರುಗಳಲ್ಲಿ ಮಾರುವವಳು. ಅವಳ ಬುಟ್ಟಿಯನ್ನು ಬಸ್ಸಿಗೆ ಹಾಕುವ ವಿಷಯದಲ್ಲಿ ಅವಳಿಗೂ ಸದಾನಂದನಿಗೂ ನಿತ್ಯ ಜಗಳ. ಮೀನಿನ ನೀರು ಬಸ್ಸಿನೊಳಗೆ ಇಳಿಯುತ್ತದೆ ಎಂದು ಅವನು, ಮೀನು ತಿನ್ನುವಾಗ ನೀರು ಬೇಡವಾ ಎಂದು ಅವಳು. ಅವತ್ತೂ ಬುಟ್ಟಿ ಇಳಿಸಲು ಕೆಳಗಿಳಿದವನು ಅವಳ ಎದುರಿಗೇ ಬಿದ್ದದ್ದು. "ನಿನ್ನ ಬಸ್ಸು ಹಾಳಾಗಿ ಹೋಗಲಿ" ಎಂದು ಅವಳು ಬೈದಿದ್ದಳಂತೆ. ಊರಿನವರು ಅದನ್ನು ಹಿಡಿದುಕೊಂಡು, ಅವಳ ಶಾಪ ತಾಗಿತು ಎಂದು ಮಾತಾಡಿಕೊಂಡಿದ್ದರು.

ನಾನು ಕಾಪುವಿನವಳು ಎಂಬ ಒಂದೇ ಅರ್ಹತೆಯ ಮೇಲೆ ಮೇಡಂ ನನ್ನನ್ನು ಕಳಿಸಿದರು. ಮರುದಿನ ಸಂಜೆ ಗಿರಿಜಕ್ಕ ಅಂಗಳದಲ್ಲಿ ಬುಟ್ಟಿ ತೊಳೆಯುತ್ತಿದ್ದಳು. ನಮ್ಮ ಮಾತೆಲ್ಲ ತುಳುವಿನಲ್ಲಿ ನಡೆಯಿತು.

"ಅವನ ಹೆಂಡತಿ ನಿನ್ನೆಯೇ ಬಂದು ಹೋಗಿದ್ದಾಳೆ," ಎಂದಳು ತಲೆ ಎತ್ತದೆ. "ಕೈ ಅದುರಿದ್ದು ಹೇಳಬೇಡಿ ಅಂತ. ತಲೆ ತಿರುಗಿ ಬಿದ್ದ ಅಂತ ಮಾತ್ರ ಹೇಳಿ ಅಂತ. ನೀನು ಎಂತ ಹೇಳಬೇಡ ಅನ್ಲಿಕ್ಕೆ ಬಂದದ್ದು?"

"ನಾನು ಎಂತದೂ ಹೇಳಿಕೊಡ್ಲಿಕ್ಕೆ ಬಂದದ್ದಲ್ಲ ಗಿರಿಜಕ್ಕ. ಬಂದು ನೋಡಿದ್ದು ಹೇಳಿ, ಸಾಕು."

"ಶಾಪ ಹಾಕಿದವಳು ನಾನು. ನನ್ನ ಮಾತು ದೊಡ್ಡ ಡಾಕ್ಟರಿಗೆ ಯಾಕೆ ಮಾರಾಯ್ತಿ?"

"ಆ ಡಾಕ್ಟರಿಗೆ ಬೇಕಾದದ್ದು ಕಣ್ಣು. ಎದುರಿಗೆ ಇದ್ದ ಕಣ್ಣು ನಿಮ್ಮದು."

ಅವಳು ಬುಟ್ಟಿ ಕವುಚಿ ಹಾಕಿ ಒಳಗೆ ಹೋದಳು. ಬರುತ್ತೇನೆ ಎಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ವಾಪಸು, ಆಗ ನಾನಿದ್ದ ಕಡಿಯಾಳಿಯ ಮನೆಗೆ ಬರುವಾಗ ನನಗೆ ಸದಾನಂದನ ಕೆಲಸ ಹೋಯಿತೆಂದೇ ಅನ್ನಿಸಿತು. ಬಂದರೂ ಅದುರಿದ್ದು ಹೇಳುತ್ತಾಳೆ, ಬಾರದಿದ್ದರೆ ಮೇಡಂ ಬರೆದುಕೊಡುವುದಿಲ್ಲ.

ಅವಳು ಬಂದಳು. ವ್ಯಾಪಾರ ಮುಗಿಸಿ, ಖಾಲಿ ಬುಟ್ಟಿಯ ಸಮೇತ. ವಾಸನೆಗೆ ಹೊರಗಿನ ಬೆಂಚಿನಲ್ಲಿದ್ದವರು ಸ್ವಲ್ಪ ಸರಿದು ಕುಳಿತರು. ಗಿರಿಜಕ್ಕ ಅವರನ್ನೆಲ್ಲ ಒಮ್ಮೆ ನೋಡಿದಳು. ಅವರು ಮತ್ತೂ ಸ್ವಲ್ಪ ಸರಿದರು. ಒಳಗೆ ಮೇಡಂ, ಸದಾನಂದ, ಶೋಭಾ, ನಾನು.

"ಮೊದಲಿನಿಂದ ಹೇಳಿ," ಎಂದರು ಮೇಡಂ. ಗಿರಿಜಕ್ಕ ತನಗೆ ಬರುವ ಕನ್ನಡದಲ್ಲಿ ಶುರುಮಾಡಿದಳು.

"ನನ್ನನ್ನು ಬೈತಾ ಇದ್ದ. ಬೈತಾ ಬೈತಾ ಸ್ವರ ಸಣ್ಣ ಆಯ್ತು. ಮುಖ ಐಸಿನಲ್ಲಿ ಇಟ್ಟ ಮೀನಿನ ಹೊಟ್ಟೆಯ ಹಾಗೆ ಬೆಳ್ಳಗೆ ಆಯ್ತು. ಹಣೆಯಲ್ಲಿ ಬೆವರು. ಕಣ್ಣು ಕತ್ತಲೆ ಬರ್ತದೆ ಅಂದ. ಮತ್ತೆ ಹೀಗೆ," ಎಂದು ಗಿರಿಜಕ್ಕ ಗೋಡೆಗೆ ಒರಗಿ, ಮೊಣಕಾಲು ಮಡಿಸಿ, ಮೇಡಂ ಮೇಜಿನ ಎದುರಿಗೇ ನಿಧಾನವಾಗಿ ನೆಲಕ್ಕೆ ಜಾರಿದಳು. ಆ ವಯಸ್ಸಿನಲ್ಲಿ ಅಷ್ಟು ಚಂದ ಬೀಳುವವರನ್ನು ನಾನು ನೋಡಿರಲಿಲ್ಲ. ನೆಲದಲ್ಲಿ ಬಿದ್ದುಕೊಂಡೇ ಎರಡೂ ಕೈಯನ್ನು ಅದುರಿಸಿದಳು. "ಕೈ ಹೀಗೆ ಆಯ್ತು."

ಶೋಭಾ ಮುಖ ಮುಚ್ಚಿಕೊಂಡಳು.

"ಅದುರಿದ್ದು ಬೀಳುವ ಮೊದಲೋ ಆಮೇಲೋ?"

"ಬಿದ್ದ ಮೇಲೆ."

"ಎಷ್ಟು ಹೊತ್ತು?"

"ನಾನು ಬುಟ್ಟಿ ಬಗ್ಗಿಸಿ ಐಸಿನ ನೀರು ಮುಖಕ್ಕೆ ಹೊಯ್ಯುವಷ್ಟು."

"ಎಚ್ಚರ ಆದಾಗ ಯಾರು ಎತ್ತ ಅಂತ ಗುರುತು ಸಿಕ್ಕಿತಾ ಅವರಿಗೆ? ಮಂಕಾಗಿದ್ರಾ?"

"ಎಂತದು ಮಂಕು," ಎಂದು ಗಿರಿಜಕ್ಕ ಎದ್ದು ಸೀರೆ ಕೊಡವಿದಳು. "ಕಣ್ಣು ಬಿಟ್ಟ ಕೂಡಲೇ ಬೈದ. ಎಲ್ಲಿ ನಿಲ್ಲಿಸಿದ್ದನೋ ಅಲ್ಲಿಂದಲೇ ಶುರು ಮಾಡಿದ. 'ನಿನ್ನ ಬುಟ್ಟಿಯನ್ನು' ಅನ್ನುವಲ್ಲಿ ಬಿದ್ದಿದ್ದ, 'ತೋಡಿಗೆ ಎಸಿತೇನೆ' ಅಂತ ಎದ್ದ. ಕೀ ಕೊಟ್ಟದ್ದೆಲ್ಲ ಅದಾದ ಮೇಲೆ."

ಮಾಲಿನಿ ಮೇಡಂ ನಗುವುದನ್ನು ನಾನು ಅವತ್ತು ನೋಡಿದೆ. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಆಮೇಲೆ ನಮಗೆಲ್ಲ ಬಿಡಿಸಿ ಹೇಳಿದರು. ದೊಡ್ಡ ಫಿಟ್ಸ್ ಬಂದು ಎದ್ದವನಿಗೆ ತುಂಬ ಹೊತ್ತು ಮಂಕು ಕವಿದಿರುತ್ತದೆ, ಎದುರಿಗೆ ನಿಂತವರ ಗುರುತು ಹತ್ತುವುದೂ ಕಷ್ಟ. ಅರ್ಧಕ್ಕೆ ನಿಂತ ಬೈಗುಳವನ್ನು ಅಲ್ಲಿಂದಲೇ ಮುಂದುವರಿಸುವುದು ಅವನಿಂದಾಗದು. ಬಿಳುಚಿ, ಬೆವರಿ, ಕಣ್ಣು ಕತ್ತಲಾಗಿ ಕುಸಿದರೆ ಅದು ಮೆದುಳಿಗೆ ಒಂದು ಗಳಿಗೆ ರಕ್ತ ಸಾಲದೆ ಹೋದದ್ದು. ಅದರಲ್ಲೂ ಕೈಕಾಲು ಸ್ವಲ್ಪ ಅದುರುವುದುಂಟು. "ಬೀಳುವ ಹಿಂದಿನ ದಿನ ಏನು ಮಾಡಿದ್ರಿ?" ಎಂದು ಸದಾನಂದನನ್ನು ಕೇಳಿದರೆ, ದೇವಸ್ಥಾನದಲ್ಲಿ ಏಕಾಹ ಭಜನೆ, ಸೂರ್ಯೋದಯದಿಂದ ಸೂರ್ಯೋದಯದವರೆಗೆ. ಉಪವಾಸ, ನಿದ್ರೆ ಇಲ್ಲ, ನೇರ ಬಸ್ಸಿಗೆ. ಸೀಟಿನಿಂದ ಇಳಿದು ಬಿಸಿಲಿನಲ್ಲಿ ಬಗ್ಗಿ ಬುಟ್ಟಿ ಎತ್ತಿ ಎದ್ದು ನಿಂತಿದ್ದಾನೆ. ಮೇಡಂ ನಗು ನಿಲ್ಲಿಸಿ ಅವನಿಗೆ ಚೆನ್ನಾಗಿ ಬೈದರು. ಫಿಟ್ಸ್ ಅಲ್ಲದಿದ್ದರೂ ಅದು ಇಳಿದ ಮೇಲೆ ಬರುವ ಬದಲು ಓಡಿಸುವಾಗ ಬಂದಿದ್ದರೆ ಎಲ್ಲರಿಗೂ ಒಂದೇ ಗತಿಯಾಗುತ್ತಿತ್ತು ಎಂದರು. ಹೃದಯದ ಪರೀಕ್ಷೆ ಮಾಡಿಸಿದರು, ಮಲಗಿಸಿಯೂ ನಿಲ್ಲಿಸಿಯೂ ಬಿ.ಪಿ. ನೋಡಿಸಿದರು. ಎಲ್ಲ ಸರಿ ಬಂದ ಮೇಲೆ, ಕೆಲವು ವಾರ ಬಿಟ್ಟು ಓಡಿಸಬಹುದು, ಖಾಲಿ ಹೊಟ್ಟೆಯಲ್ಲೂ ನಿದ್ದೆಗೆಟ್ಟೂ ಸ್ಟೇರಿಂಗ್ ಮುಟ್ಟಬಾರದು ಎಂದು ಬರೆದುಕೊಟ್ಟರು.

ಆದರೆ ಅದು ಆಮೇಲಿನ ಮಾತು. ಅವತ್ತು ಮೇಡಂ ಹೇಳಿ ಮುಗಿಸಿದ ಕೂಡಲೇ ಶೋಭಾ ಹೋಗಿ ಗಿರಿಜಕ್ಕನ ಎರಡೂ ಕೈ ಹಿಡಿದುಕೊಂಡು ಅತ್ತಳು. ಗಿರಿಜಕ್ಕ ಮಾತ್ರ ಕೈ ಬಿಡಿಸಿಕೊಂಡಳು.

"ನಿನ್ನ ಗಂಡನಿಗೆ ಬೇಕಾಗಿ ಹೇಳಿದ್ದಲ್ಲ," ಎಂದಳು. "ನನ್ನ ಮೊಮ್ಮಗಳು ಕಾಲೇಜಿಗೆ ಹೋಗುವುದು ಆ ಬಸ್ಸಿನಲ್ಲಿ. ಬಾಯಲ್ಲಿ ನೊರೆ ಕಂಡಿದ್ದರೆ ನೊರೆ ಅಂತಲೇ ಹೇಳ್ತಿದ್ದೆ."

ಸದಾನಂದ ಅಷ್ಟು ಹೊತ್ತಿನಲ್ಲಿ ಮೊದಲ ಸಲ ತಲೆ ಎತ್ತಿ ಅವಳ ಮುಖ ನೋಡಿದ.

"ಗೊತ್ತುಂಟು ಗಿರಿಜಕ್ಕ," ಎಂದ. "ಅದಕ್ಕೇ ನಿಮ್ಮ ಹೆಸರು ಹೇಳಿದ್ದು."